ಇರುವ ಸ್ಕ್ರೀನನ್ನೇ ದೂರದಿಂದ ಹಂಚಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೂರದ ಲಿನಕ್ಸ್ ಕಂಪ್ಯೂಟರಿನ ಮುಂದೆ ಒಬ್ಬರು ಕೂತಿದ್ದಾರೆ. "ಇಲ್ಲೇನೋ ಬರ್ತಿದೆ, ಸ್ವಲ್ಪ ನೋಡಿ" ಅಂತ ಫೋನಿನಲ್ಲಿ ಹೇಳುತ್ತಾರೆ. ಅವರಿಗೆ ಕಾಣುತ್ತಿರುವುದೇ ನಮಗೂ ಕಾಣಬೇಕು. ನಾವು ಮೌಸ್ ಅಲ್ಲಾಡಿಸಿದರೆ ಅಲ್ಲೂ ಅಲ್ಲಾಡಬೇಕು. ಕೇಳುವುದಕ್ಕೆ ಇಷ್ಟೇ. ಮಾಡಲು ಕೂತಾಗ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವಿಎನ್‌ಸಿ ಅಂದ್ರೆ ಒಂದು ಕಂಪ್ಯೂಟರಿನ ಪರದೆಯನ್ನು ಇನ್ನೊಂದರಲ್ಲಿ ನೋಡಿ ಬಳಸುವ ಪದ್ಧತಿ. ಹೆಚ್ಚಿನ ಮಾತು ಎಕ್ಸ್11ವಿಎನ್‌ಸಿ ಎಂಬ ಪ್ರೋಗ್ರಾಂ ಬಗ್ಗೆ, ಯಾಕಂದ್ರೆ ಈ ಕೆಲಸಕ್ಕೆ ನಾನು ಜಾಸ್ತಿ ಬಳಸಿರುವುದು ಅದನ್ನೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳು, ಫೈಲುಗಳ ಹೆಸರು ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಪದಗಳ ಮೊದಲಿಗಿರುವ ಅಡ್ಡಗೆರೆ, ಚುಕ್ಕಿ, ಅಂಕಿ ಇದ್ದ ಹಾಗೆಯೇ ಇರಲಿ.

"ಇರುವ ಸ್ಕ್ರೀನ್" ಅಂದ್ರೆ ಏನು? ಎಲ್ಲ ರಿಮೋಟ್ ಡೆಸ್ಕ್‌ಟಾಪೂ ಅದೇ ಅಲ್ವಾ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ರಿಮೋಟ್ ಡೆಸ್ಕ್‌ಟಾಪ್ ಸರ್ವರುಗಳಲ್ಲಿ ಎರಡು ಜಾತಿ. ಒಂದು ಜಾತಿ ನಿಮಗೋಸ್ಕರ ಹೊಸದೊಂದು ಸ್ಕ್ರೀನನ್ನೇ ಹುಟ್ಟಿಸುತ್ತದೆ. ಅದು ಮೆಮೊರಿಯಲ್ಲಷ್ಟೇ ಇರುತ್ತದೆ, ಯಾವ ಮಾನಿಟರಿನಲ್ಲೂ ಕಾಣುವುದಿಲ್ಲ. ಟೈಗರ್‌ವಿಎನ್‌ಸಿಯ ವಿಎನ್‌ಸಿಸರ್ವರ್ ಆಜ್ಞೆ ಮಾಡುವುದು ಇದನ್ನೇ. ಅಲ್ಲಿ ಕೂತವರು ಬ್ರೌಸರ್ ತೆರೆದಿರುತ್ತಾರೆ, ನಿಮಗೆ ಮಾತ್ರ ಖಾಲಿ ಬೂದು ಪರದೆ ಕಾಣುತ್ತದೆ. ಸರ್ವರ್ ಕೆಟ್ಟಿದೆ ಅಂದುಕೊಳ್ಳಬೇಡಿ. ನೀವು ಬೇರೆ ಕೋಣೆಗೆ ಹೋಗಿದ್ದೀರಿ ಅಷ್ಟೇ.

ಇನ್ನೊಂದು ಜಾತಿ ಏನನ್ನೂ ಹುಟ್ಟಿಸುವುದಿಲ್ಲ. ಮಾನಿಟರಿನಲ್ಲಿ ಈಗಾಗಲೇ ಓಡುತ್ತಿರುವ ಪರದೆಯನ್ನು ಇಣುಕಿ ನೋಡಿ, ಬದಲಾದಷ್ಟನ್ನು ನಿಮಗೆ ಕಳಿಸುತ್ತದೆ. ನಿಮ್ಮ ಕೀಲಿಮಣೆ, ಮೌಸನ್ನು ಅಲ್ಲಿಗೆ ಮುಟ್ಟಿಸುತ್ತದೆ. ಎಕ್ಸ್11ವಿಎನ್‌ಸಿ ಈ ಜಾತಿ. ಸ್ವಂತ ಸ್ಕ್ರೀನ್ ಇಲ್ಲದ್ದರಿಂದ ಇಣುಕುವುದಕ್ಕೆ ಅನುಮತಿ ಸಿಗಬೇಕು. ಮುಂದೆ ಬರುವ ತಕರಾರುಗಳಲ್ಲಿ ಅರ್ಧಕ್ಕರ್ಧ ಈ ಅನುಮತಿಯದೇ.

ಯಾವ ಪ್ರೋಗ್ರಾಂ ಹಾಕಿಕೊಳ್ಳಲಿ?

ಲಿನಕ್ಸ್‌ನಲ್ಲಿ ಪರದೆ ಬಿಡಿಸುವ ವ್ಯವಸ್ಥೆ ಎರಡು: ಹಳೆಯ ಎಕ್ಸ್ (ಎಕ್ಸ್11), ಹೊಸ ವೇಲ್ಯಾಂಡ್. ಡೆಸ್ಕ್‌ಟಾಪ್ ಎಕ್ಸ್ ಮೇಲೆ ಓಡುತ್ತಿದ್ದರೆ ಎಕ್ಸ್11ವಿಎನ್‌ಸಿ. ಟೈಗರ್‌ವಿಎನ್‌ಸಿ ಮೊದಲೇ ಇದ್ದರೆ ಅದರ ಜೊತೆಗೇ ಬರುವ ಎಕ್ಸ್0ವಿಎನ್‌ಸಿಸರ್ವರ್ ಕೂಡ ಆಗುತ್ತದೆ. ಅದರಲ್ಲಿ ಆಯ್ಕೆಗಳು ಕಡಿಮೆ, ತಲೆನೋವೂ ಕಡಿಮೆ. ಕೆಡಿಇ, ಗ್ನೋಮ್ ಎರಡೂ ಲಿನಕ್ಸ್ ಡೆಸ್ಕ್‌ಟಾಪುಗಳು. ಕೆಡಿಇ ಬಳಸುವವರಿಗೆ ಕೆಆರ್‌ಎಫ್‌ಬಿ ಇದೆ. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೇ ಡೆಸ್ಕ್‌ಟಾಪ್ ಶೇರಿಂಗ್ ಇದೆ.

ಮ್ಯಾಕ್‌ನಲ್ಲಿ ಸ್ಕ್ರೀನ್ ಶೇರಿಂಗ್ ಆನ್ ಮಾಡಿದರೆ ಸಾಕು, ಬೇರೇನೂ ಬೇಡ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಈ ಕೆಲಸಕ್ಕೆ ಬರುವುದಿಲ್ಲ. ನೀವು ಒಳಗೆ ಹೋದ ತಕ್ಷಣ ಅಲ್ಲಿ ಕೂತವರ ಮುಂದೆ ಲಾಕ್ ಪರದೆ ಬಂದು ಕೂರುತ್ತದೆ. ಅಲ್ಲಿ ಇಬ್ಬರೂ ಒಟ್ಟಿಗೆ ನೋಡಬೇಕಾದರೆ ಟೈಟ್‌ವಿಎನ್‌ಸಿ ಅಥವಾ ಅಲ್ಟ್ರಾವಿಎನ್‌ಸಿ ಹಾಕಿಕೊಳ್ಳಿ.

ನನ್ನದು ಎಕ್ಸಾ, ವೇಲ್ಯಾಂಡಾ? ಹೇಗೆ ಗೊತ್ತಾಗುತ್ತದೆ?

ಆ ಡೆಸ್ಕ್‌ಟಾಪಿನಲ್ಲೇ ಟರ್ಮಿನಲ್ ತೆರೆದು ಎಕೋ ಅಂತ ಹೊಡೆದು, ಡಾಲರ್ ಚಿಹ್ನೆ ಹಾಕಿ, ಎಕ್ಸ್‌ಡಿಜಿ_ಸೆಷನ್_ಟೈಪ್ ಅಂತ ದೊಡ್ಡಕ್ಷರದಲ್ಲಿ ಬರೆಯಿರಿ. "ಎಕ್ಸ್11" ಅಥವಾ "ವೇಲ್ಯಾಂಡ್" ಅಂತ ಉತ್ತರ ಬರುತ್ತದೆ. ಇದನ್ನು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನ ಟರ್ಮಿನಲ್‌ಗೆ ಗೂಢವಾಗಿ ಹೋಗುವ ದಾರಿ) ಮೂಲಕ ಹೊಡೆದರೆ "ಟಿಟಿವೈ" ಅನ್ನುತ್ತದೆ. ಅದು ನಿಮ್ಮ ಎಸ್‌ಎಸ್‌ಎಚ್ ಸೆಷನ್ನಿನ ಮಾತು, ಡೆಸ್ಕ್‌ಟಾಪಿನದಲ್ಲ. ಇಲ್ಲಿ ಎಡವಿದವರನ್ನು ಬೇಕಾದಷ್ಟು ನೋಡಿದ್ದೇನೆ.

ವೇಲ್ಯಾಂಡ್ ಇದ್ದರೆ ಎಕ್ಸ್11ವಿಎನ್‌ಸಿಯನ್ನು ಮರೆತುಬಿಡಿ. ಒಂದು ಪ್ರೋಗ್ರಾಂ ಇನ್ನೊಂದರ ಪರದೆಯನ್ನು ಸುಮ್ನೆ ಇಣುಕುವಂತಿಲ್ಲ ಎನ್ನುವುದು ವೇಲ್ಯಾಂಡಿನ ಕಟ್ಟುನಿಟ್ಟು. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಹಾಗಾಗಿ ಅಲ್ಲಿ ಡೆಸ್ಕ್‌ಟಾಪ್ ತಾನೇ ಕೊಡುವ ಬಾಗಿಲಿನಿಂದಲೇ ಹೋಗಬೇಕು. ಗ್ನೋಮ್‌ನಲ್ಲಿ ಅದರದೇ ಶೇರಿಂಗ್, ಕೆಡಿಇಯಲ್ಲಿ ಕೆಆರ್‌ಎಫ್‌ಬಿ, ಸ್ವೇ ತರಹದ ಹಗುರ ಡೆಸ್ಕ್‌ಟಾಪುಗಳಲ್ಲಿ ವೇವಿಎನ್‌ಸಿ. ಗ್ನೋಮ್‌ನ ಹೊಸ ಆವೃತ್ತಿಗಳಲ್ಲಿ "ಡೆಸ್ಕ್‌ಟಾಪ್ ಶೇರಿಂಗ್" ಮತ್ತು "ರಿಮೋಟ್ ಲಾಗಿನ್" ಅಂತ ಎರಡು ಪುಟ ಅಕ್ಕಪಕ್ಕ ಕಾಣುತ್ತವೆ. ಇರುವ ಸ್ಕ್ರೀನ್ ಬೇಕಾದರೆ ಮೊದಲನೆಯದು. ಎರಡನೆಯದು ಹೊಸ ಕೋಣೆ.

ಲಾಗಿನ್ ಪರದೆಯಲ್ಲಿ ಗೇರ್ ಚಿತ್ರ ಒತ್ತಿ "ಎಕ್ಸ್‌ಆರ್ಗ್" ಇರುವ ಸೆಷನ್ ಆರಿಸಿದರೆ ಎಕ್ಸ್‌ಗೆ ಮರಳಬಹುದು, ಆ ಆಯ್ಕೆ ಅಲ್ಲಿ ಇದ್ದರೆ.

ಮೊದಲ ಸಲ ಓಡಿಸಿ ನೋಡುವುದು ಹೇಗೆ?

ಪ್ಯಾಕೇಜ್ ಹಾಕಿಕೊಂಡ ಮೇಲೆ, ಆ ಡೆಸ್ಕ್‌ಟಾಪಿನ ಬಳಕೆದಾರರ ಹೆಸರಿನಲ್ಲೇ ಎಸ್‌ಎಸ್‌ಎಚ್ ಮಾಡಿ ಒಳಗೆ ಹೋಗಿ. ನಂತರ ಇಷ್ಟು ಹೊಡೆಯಿರಿ:

ಎಕ್ಸ್11ವಿಎನ್‌ಸಿ -ಡಿಸ್‌ಪ್ಲೇ :0 -ಆಥ್ ಗೆಸ್ -ಲೋಕಲ್‌ಹೋಸ್ಟ್

ಇಲ್ಲಿ :0 ಎನ್ನುವುದು ಪರದೆಯ ಸಂಖ್ಯೆ. ಸಾಲು ಸಾಲು ಮಾತು ಪರದೆ ಮೇಲೆ ಹರಿಯುತ್ತದೆ. ಹೆದರಬೇಡಿ, ಈ ಪ್ರೋಗ್ರಾಂ ಸ್ವಲ್ಪ ವಾಚಾಳಿ. ನೋಡಬೇಕಾದ್ದು ಕೊನೆಗೆ ಬರುವ "ಪೋರ್ಟ್=5900" ಎಂಬ ಒಂದು ಸಾಲು. ಪೋರ್ಟ್ ಅಂದ್ರೆ ಸಂಪರ್ಕ ಬರುವ ಬಾಗಿಲಿನ ಸಂಖ್ಯೆ. ಅದು ಬಂದರೆ ಸರ್ವರ್ ಕಾಯುತ್ತಿದೆ ಎಂದರ್ಥ. 5901 ಅಂತ ಬಂದರೆ 5900ರಲ್ಲಿ ಮೊದಲೇ ಯಾರೋ ಕೂತಿದ್ದಾರೆ, ಇದು ಪಕ್ಕದ ಬಾಗಿಲು ಹಿಡಿದಿದೆ. ಬಹಳ ಸಲ ಆ "ಯಾರೋ" ನೀವೇ ಹಿಂದೆ ಓಡಿಸಿ ಮರೆತ ಇನ್ನೊಂದು ಎಕ್ಸ್11ವಿಎನ್‌ಸಿ ಆಗಿರುತ್ತದೆ. ಪೋರ್ಟನ್ನು ಗಟ್ಟಿ ಮಾಡಬೇಕಾದರೆ -ಆರ್‌ಎಫ್‌ಬಿಪೋರ್ಟ್ 5900 ಅಂತ ಸೇರಿಸಿ.

-ಲೋಕಲ್‌ಹೋಸ್ಟ್ ಇರುವುದರಿಂದ ಹೊರಗಿನವರು ಯಾರೂ ನೇರ ಬರಲಾರರು. ನೀವೂ ಬರಲಾರಿರಿ! ಅದಕ್ಕೆ ಸುರಂಗ ಬೇಕು, ಕೆಳಗೆ ಬರುತ್ತದೆ.

"ಎಕ್ಸ್‌ಓಪನ್‌ಡಿಸ್‌ಪ್ಲೇ ಫೇಲ್ಡ್" ಅಂತ ಬಂದು ನಿಂತುಹೋಗುತ್ತದೆ. ಏನು ಮಾಡಲಿ?

ಎಲ್ಲರಿಗೂ ಬರುವ ತಕರಾರು ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಎಕ್ಸ್ ಸರ್ವರ್ ಶುರುವಾಗುವಾಗ ಒಂದು ಗುಟ್ಟಿನ ಸಂಖ್ಯೆ ತಯಾರಾಗಿ ಫೈಲಿನಲ್ಲಿ ಕೂರುತ್ತದೆ. ಅದಕ್ಕೆ ಮ್ಯಾಜಿಕ್ ಕುಕೀ ಎಂದೇ ಹೆಸರು. ಆ ಸಂಖ್ಯೆ ತೋರಿಸಿದವರಿಗಷ್ಟೇ ಎಕ್ಸ್ ಸರ್ವರ್ ಪರದೆ ಮುಟ್ಟಲು ಬಿಡುತ್ತದೆ. ಡೆಸ್ಕ್‌ಟಾಪ್ ಒಳಗೆ ತೆರೆದ ಪ್ರೋಗ್ರಾಂಗಳಿಗೆ ಅದು ತಾನಾಗಿ ಸಿಗುತ್ತದೆ. ಎಸ್‌ಎಸ್‌ಎಚ್‌ನಿಂದ ಬಂದ ನಿಮಗೆ ಸಿಗುವುದಿಲ್ಲ, ಯಾಕಂದ್ರೆ ಆ ಫೈಲ್ ಎಲ್ಲಿದೆ ಎಂದು ನಿಮ್ಮ ಶೆಲ್‌ಗೆ ಗೊತ್ತಿಲ್ಲ. ಹಾಗಾಗಿ ಪರದೆ ಇದ್ದರೂ "ತೆರೆಯಲಾಗಲಿಲ್ಲ" ಅನ್ನುತ್ತದೆ.

-ಆಥ್ ಗೆಸ್ ಎನ್ನುವುದು ಆ ಫೈಲನ್ನು ತಾನೇ ಹುಡುಕುವ ಪ್ರಯತ್ನ. ಬಹಳ ಸಲ ಹುಡುಕಿ ಕೊಡುತ್ತದೆ. ಕೊಡದಿದ್ದಾಗ ಕೈಯಿಂದ ಹುಡುಕಬೇಕು. ಪಿಎಸ್ ಆಜ್ಞೆಯಲ್ಲಿ ಎಲ್ಲ ಪ್ರೋಸೆಸ್‌ಗಳನ್ನೂ ತೋರಿಸಿ, ಅದರಲ್ಲಿ ಎಕ್ಸ್‌ಆರ್ಗ್ ಇರುವ ಸಾಲನ್ನು ಹಿಡಿಯಿರಿ. ಆ ಉದ್ದ ಸಾಲಿನಲ್ಲಿ -ಆಥ್ ಅಂತ ಇರುತ್ತದೆ, ಅದರ ಮುಂದೆಯೇ ಫೈಲಿನ ಪೂರ್ತಿ ದಾರಿ. ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ ಲೈಟ್‌ಡಿಎಂ ಆಗಿದ್ದಲ್ಲಿ ಅದು ಸಾಮಾನ್ಯವಾಗಿ /ವಾರ್/ರನ್/ಲೈಟ್‌ಡಿಎಂ/ರೂಟ್/:0. ಗ್ನೋಮ್‌ನ ಜಿಡಿಎಂ ಆದರೆ /ರನ್/ಯೂಸರ್ ಕೆಳಗೆ, ಬಳಕೆದಾರರ ಸಂಖ್ಯೆಯ ಫೋಲ್ಡರಿನೊಳಗೆ ಜಿಡಿಎಂ ಫೋಲ್ಡರ್, ಅದರಲ್ಲಿ ಎಕ್ಸ್‌ಅಥಾರಿಟಿ. ಸಿಕ್ಕ ದಾರಿಯನ್ನು "ಗೆಸ್" ಇದ್ದ ಜಾಗದಲ್ಲಿ ಹಾಕಿ.

ಆ ಫೈಲ್ ರೂಟ್‌ಗೆ (ಎಲ್ಲ ಅಧಿಕಾರ ಇರುವ ಬಳಕೆದಾರ) ಸೇರಿದ್ದಾದರೆ, ಆ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸುಡೋ ಬೇಕಾಗುತ್ತದೆ. ಆದರೆ ಕಂಡಕಂಡಲ್ಲೆಲ್ಲ ಸುಡೋ ಹಾಕುವುದು ಔಷಧಿಯಲ್ಲ. ನಾನೊಮ್ಮೆ ಸುಡೋ ಹಾಕಿ, ತೆಗೆದು, ಮತ್ತೆ ಹಾಕಿ ಇಡೀ ಸಂಜೆ ಕಳೆದೆ. ಕೊನೆಗೆ ನೋಡಿದರೆ ಅನುಮತಿಯಲ್ಲಿ ತಪ್ಪೇ ಇರಲಿಲ್ಲ. ನಾನು ತಟ್ಟುತ್ತಿದ್ದುದು ಲಾಗಿನ್ ಪರದೆಯ :0 ಬಾಗಿಲನ್ನು. ಬಳಕೆದಾರರ ಡೆಸ್ಕ್‌ಟಾಪ್ ಇದ್ದದ್ದು :1ರಲ್ಲಿ.

"ಎಕ್ಸ್‌ಹೋಸ್ಟ್ +" ಹೊಡೆದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೋಗುತ್ತದೆ ನಿಜ, ಮನೆಯ ಬಾಗಿಲನ್ನೇ ಕಿತ್ತಿಟ್ಟರೆ ಬೀಗದ ತಕರಾರು ಇರುವುದಿಲ್ಲ.

ಹಾಗಾದರೆ :0, :1 ಯಾವುದು ಅಂತ ಹೇಗೆ ತಿಳಿಯುವುದು?

/ಟಿಎಂಪಿ/.ಎಕ್ಸ್11-ಯುನಿಕ್ಸ್ ಫೋಲ್ಡರ್ ಒಳಗೆ ಏನಿದೆ ಅಂತ ಪಟ್ಟಿ ಮಾಡಿ. ಎಕ್ಸ್0 ಕಂಡರೆ :0 ಇದೆ, ಎಕ್ಸ್1 ಕಂಡರೆ :1 ಇದೆ. ಎರಡೂ ಇದ್ದರೆ ಡಬ್ಲ್ಯೂ ಎಂಬ ಒಂದಕ್ಷರದ ಆಜ್ಞೆ ಹೊಡೆದು, ಯಾವ ಬಳಕೆದಾರರ ಎದುರು ಯಾವ ಸಂಖ್ಯೆ ಇದೆ ನೋಡಿ.

ಪಾಸ್‌ವರ್ಡ್ ಇಡುವುದು ಹೇಗೆ? ಉದ್ದದ್ದು ಇಟ್ಟರೆ ಸಾಕಲ್ವಾ?

ಎಕ್ಸ್11ವಿಎನ್‌ಸಿ -ಸ್ಟೋರ್‌ಪಾಸ್‌ವರ್ಡ್ ಅಂತ ಓಡಿಸಿ (ಕೊನೆಯ ಭಾಗವನ್ನು ಪಾಸ್‌ಡಬ್ಲ್ಯೂಡಿ ಎಂದು ಚಿಕ್ಕದಾಗಿ ಹೊಡೆಯಬೇಕು). ಎರಡು ಸಲ ಪಾಸ್‌ವರ್ಡ್ ಕೇಳಿ, ನಿಮ್ಮ ಹೋಮ್ ಫೋಲ್ಡರಿನ .ವಿಎನ್‌ಸಿ ಒಳಗೆ ಉಳಿಸುತ್ತದೆ. ಆಮೇಲೆ ಸರ್ವರ್ ಓಡಿಸುವಾಗ -ಆರ್‌ಎಫ್‌ಬಿಆಥ್ ಅಂತ ಹಾಕಿ ಆ ಫೈಲಿನ ದಾರಿ ಕೊಡಿ. ಪಾಸ್‌ವರ್ಡನ್ನು ನೇರ ಆಜ್ಞೆಯಲ್ಲೇ ಬರೆಯುವ ಆಯ್ಕೆಯೂ ಇದೆ. ಅದರ ಗೋಜಿಗೆ ಹೋಗಬೇಡಿ. ಆ ಕಂಪ್ಯೂಟರಿನಲ್ಲಿ ಪ್ರೋಸೆಸ್ ಪಟ್ಟಿ ನೋಡುವವರ ಕಣ್ಣಿಗೂ ಅದು ಬೀಳಬಹುದು.

ಉದ್ದದ ಬಗ್ಗೆ ಕೇಳಿದಿರಲ್ಲ, ಬೇಸರದ ಸುದ್ದಿ. ವಿಎನ್‌ಸಿಯ ಹಳೆಯ ಪಾಸ್‌ವರ್ಡ್ ಪದ್ಧತಿಯಲ್ಲಿ ಮೊದಲ 8 ಅಕ್ಷರಕ್ಕಷ್ಟೇ ಬೆಲೆ. ನೀವು 20 ಅಕ್ಷರ ಇಟ್ಟರೂ ಮೊದಲ 8 ಸರಿ ಹೊಡೆದವರಿಗೆ ಬಾಗಿಲು ತೆರೆಯುತ್ತದೆ. ವಿಎನ್‌ಸಿ ಹುಟ್ಟಿದ್ದು 1990ರ ದಶಕದಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನ ಒಲಿವೆಟ್ಟಿ ಸಂಶೋಧನಾ ಪ್ರಯೋಗಾಲಯದಲ್ಲಿ. ಆಗಿನ ಡಿಇಎಸ್ ಗೂಢಲಿಪಿಯ ಕೀಲಿ 56 ಬಿಟ್‌ನದು, ಅಂದ್ರೆ ಅಕ್ಷರಕ್ಕೆ 7 ಬಿಟ್‌ನಂತೆ 8 ಅಕ್ಷರ. ಆ ಕಾಲದ ಅಳತೆ ಇವತ್ತಿಗೂ ಅಂಟಿಕೊಂಡಿದೆ. ಇನ್ನೂ ಒಂದು: ಆ ಉಳಿಸಿದ ಫೈಲ್ ನೋಡಲು ಗೂಢವಾಗಿ ಕಂಡರೂ ಎಲ್ಲರಿಗೂ ಗೊತ್ತಿರುವ ಒಂದೇ ಕೀಲಿಯಿಂದ ಮುಚ್ಚಿದ್ದು. ಫೈಲ್ ಸಿಕ್ಕರೆ ಪಾಸ್‌ವರ್ಡ್ ಸಿಕ್ಕ ಹಾಗೆಯೇ. ಅದರ ಅನುಮತಿ 600 (ಒಡೆಯರು ಮಾತ್ರ ಓದಿ ಬರೆಯುವಂತೆ) ಇರಲಿ.

ಅಂದ್ರೆ ಇಂಟರ್ನೆಟ್‌ನಿಂದ ಬಳಸುವುದು ಸುರಕ್ಷಿತ ಅಲ್ವಾ?

5900ನ್ನು ಇಂಟರ್ನೆಟ್‌ಗೆ ನೇರ ತೆರೆದಿಟ್ಟರೆ ಖಂಡಿತ ಅಲ್ಲ. ಪಾಸ್‌ವರ್ಡ್ 8 ಅಕ್ಷರದ್ದು, ಅದಾದ ಮೇಲೆ ಹರಿಯುವ ಚಿತ್ರಕ್ಕೂ ಕೀಲಿ ಒತ್ತುವಿಕೆಗೂ ಮುಸುಕಿಲ್ಲ. ನೀವು ಅಲ್ಲಿ ಹೊಡೆಯುವ ಬೇರೆ ಪಾಸ್‌ವರ್ಡುಗಳೂ ದಾರಿಯಲ್ಲಿ ಬೆತ್ತಲೆಯಾಗಿಯೇ ಹೋಗುತ್ತವೆ.

ಪರಿಹಾರ ಎಸ್‌ಎಸ್‌ಎಚ್ ಸುರಂಗ. ಸರ್ವರನ್ನು -ಲೋಕಲ್‌ಹೋಸ್ಟ್ ಹಾಕಿ ಓಡಿಸಿ. ನಿಮ್ಮ ಕಡೆಯಿಂದ ಹೀಗೆ ಹೊಡೆಯಿರಿ:

ಎಸ್‌ಎಸ್‌ಎಚ್ -ಎಲ್ 5910:ಲೋಕಲ್‌ಹೋಸ್ಟ್:5900 ಬಳಕೆದಾರ@ದೂರದಕಂಪ್ಯೂಟರ್

(-ಎಲ್ ದೊಡ್ಡಕ್ಷರ.) ನಿಮ್ಮ ಕಂಪ್ಯೂಟರಿನ 5910ಕ್ಕೆ ಬಂದದ್ದೆಲ್ಲ ಎಸ್‌ಎಸ್‌ಎಚ್ ಒಳಗಿಂದ ಹಾದು ಆ ಕಡೆಯ 5900ಕ್ಕೆ ಬೀಳುತ್ತದೆ. ಈಗ ವ್ಯೂವರ್‌ನಲ್ಲಿ (ನಿಮ್ಮ ಕಡೆ ಪರದೆ ತೋರಿಸುವ ವಿಎನ್‌ಸಿ ಪ್ರೋಗ್ರಾಂ) ಲೋಕಲ್‌ಹೋಸ್ಟ್ ಅಂತ ಬರೆದು, ಎರಡು ಸಲ ಕೋಲನ್ ಹಾಕಿ 5910 ಕೊಡಿ. ಒಂದೇ ಕೋಲನ್ ಹಾಕಿ 10 ಅಂದರೂ ಅದೇ, ಯಾಕಂದ್ರೆ ಒಂದು ಕೋಲನ್ ಮುಂದಿನ ಚಿಕ್ಕ ಸಂಖ್ಯೆಗೆ ವ್ಯೂವರ್ ತಾನೇ 5900 ಕೂಡಿಸಿಕೊಳ್ಳುತ್ತದೆ.

ಎರಡೂ ಕಡೆ 5900 ಇಡದೆ 5910 ಯಾಕೆ? ಹಿಂದೆ ನಾನೂ ಎರಡೂ ಕಡೆ 5900 ಇಡುತ್ತಿದ್ದೆ. ಒಂದು ದಿನ ಸುರಂಗ ಹಾಕಿ ವ್ಯೂವರ್ ತೆರೆದೆ. ಪರದೆಯೊಳಗೆ ಪರದೆ, ಅದರೊಳಗೆ ಇನ್ನೊಂದು ಪರದೆ, ಎದುರುಬದುರು ಇಟ್ಟ ಕನ್ನಡಿಯ ಹಾಗೆ ಒಳಗೊಳಗೆ ಹೋಗುತ್ತಲೇ ಇದೆ. ಮೌಸ್ ಅಲ್ಲಾಡಿಸಿದರೆ ಬಾಣಗಳ ಸಾಲು ಒಂದರ ಹಿಂದೊಂದು ತೆವಳುತ್ತಿತ್ತು. ನನ್ನ ಕಂಪ್ಯೂಟರಿನಲ್ಲೂ ಒಂದು ಸರ್ವರ್ 5900ರಲ್ಲಿ ಓಡುತ್ತಿತ್ತು. ಎಸ್‌ಎಸ್‌ಎಚ್ "ಆ ವಿಳಾಸ ಬಳಕೆಯಲ್ಲಿದೆ" ಅಂತ ಒಂದೇ ಸಾಲು ಗೊಣಗಿ, ಲಾಗಿನ್ ಮಾತ್ರ ಮಾಡಿಸಿ ಸುಮ್ಮನಾಗಿತ್ತು. ಸುರಂಗ ಬಿದ್ದೇ ಇರಲಿಲ್ಲ. ನಾನು ನನ್ನನ್ನೇ ನೋಡುತ್ತಿದ್ದೆ. ಅವತ್ತಿನಿಂದ ನನ್ನ ಕಡೆ ಯಾವಾಗಲೂ ಬೇರೆ ಸಂಖ್ಯೆ.

ಬಾಗಿಲು ನಿಜಕ್ಕೂ ಮುಚ್ಚಿದೆಯೇ ಅಂತ ನೋಡಲು ಸರ್ವರ್ ಇರುವ ಕಡೆ ಎಸ್‌ಎಸ್ -ಎಲ್‌ಟಿಎನ್ ಹೊಡೆಯಿರಿ. 5900ರ ಎದುರು 127.0.0.1 ಇದ್ದರೆ ಒಳಗಿನವರಿಗೆ ಮಾತ್ರ. 0.0.0.0 ಅಥವಾ ನಕ್ಷತ್ರ ಚಿಹ್ನೆ ಇದ್ದರೆ ಊರಿಗೆಲ್ಲ ತೆರೆದಿದೆ.

ಫೈರ್‌ವಾಲ್‌ನಲ್ಲಿ ಏನು ತೆರೆಯಬೇಕು?

ಸುರಂಗ ಬಳಸಿದರೆ ಎಸ್‌ಎಸ್‌ಎಚ್‌ನ 22 ಮಾತ್ರ. 5900 ಮುಚ್ಚಿಯೇ ಇರಲಿ.

ಒಂದು ಸಲ ನೋಡಿ ವ್ಯೂವರ್ ಮುಚ್ಚಿದರೆ ಸರ್ವರೂ ನಿಂತುಹೋಗುತ್ತದೆ. ಯಾಕೆ?

ಅದರ ಹುಟ್ಟುಗುಣವೇ ಹಾಗೆ. ಮೊದಲ ಅತಿಥಿ ಎದ್ದು ಹೋದ ಕೂಡಲೇ ಅಂಗಡಿ ಮುಚ್ಚುತ್ತದೆ. ಒಂದು ಸಲದ ಸಹಾಯಕ್ಕೆ ಇದು ಒಳ್ಳೆಯದೇ, ಮರೆತು ತೆರೆದಿಟ್ಟು ಹೋಗುವ ಅಪಾಯವಿಲ್ಲ. ಸದಾ ಇರಬೇಕಾದರೆ -ಫಾರೆವರ್ ಸೇರಿಸಿ. ಇಬ್ಬರು ಮೂವರು ಒಟ್ಟಿಗೆ ನೋಡಬೇಕಾದರೆ -ಶೇರ್ಡ್ ಕೂಡ. ಅದಿಲ್ಲದಿದ್ದರೆ ಒಬ್ಬರಿಗೇ ಜಾಗ, ಎರಡನೆಯವರಿಗೆ ತಕರಾರು.

ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುವಂತೆ ಮಾಡುವುದು ಹೇಗೆ?

ಎರಡು ದಾರಿ. ಯಾವುದು ಬೇಕು ಎನ್ನುವುದು ಒಂದೇ ಮಾತಿನ ಮೇಲೆ ನಿಂತಿದೆ: ಲಾಗಿನ್ ಪರದೆಯೂ ದೂರದಿಂದ ಕಾಣಬೇಕಾ?

ಬೇಡ, ಯಾರೋ ಲಾಗಿನ್ ಆದ ಮೇಲೆ ಕಂಡರೆ ಸಾಕು ಅಂದರೆ ಡೆಸ್ಕ್‌ಟಾಪಿನ ಆಟೋಸ್ಟಾರ್ಟ್ ಪಟ್ಟಿಗೆ ಆಜ್ಞೆ ಸೇರಿಸಿ. ಅಲ್ಲಿಂದ ಶುರುವಾದ ಪ್ರೋಗ್ರಾಮಿಗೆ ಡಿಸ್‌ಪ್ಲೇ ಸಂಖ್ಯೆಯೂ ಕುಕೀಯೂ ಮೊದಲೇ ಸಿಕ್ಕಿರುತ್ತದೆ. ಮೇಲೆ ಹೇಳಿದ ಹುಡುಕಾಟ ಒಂದೂ ಇಲ್ಲ. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಇದೇ ಸಾಕು.

ಲಾಗಿನ್ ಪರದೆಯೂ ಬೇಕಾದರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ) ಸೇವೆ ಬರೆಯಬೇಕು. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಒಂದು ಫೈಲ್. ಅದರಲ್ಲಿ ಆಫ್ಟರ್ ಎದುರು ಡಿಸ್‌ಪ್ಲೇ-ಮ್ಯಾನೇಜರ್ ಸರ್ವಿಸ್ ಹೆಸರು ಬರಲಿ, ವಾಂಟೆಡ್‌ಬೈ ಎದುರು ಗ್ರಾಫಿಕಲ್ ಟಾರ್ಗೆಟ್. ಮಲ್ಟಿ-ಯೂಸರ್ ಟಾರ್ಗೆಟ್ ಹಾಕುವವರು ತುಂಬ ಜನ. ಹಾಗೆ ಮಾಡಿದರೆ ಪರದೆ ಏಳುವ ಮೊದಲೇ ಸರ್ವರ್ ಎದ್ದು, ಯಾರೂ ಇಲ್ಲ ಅಂತ ಬಿದ್ದುಹೋಗಬಹುದು. ರೀಸ್ಟಾರ್ಟ್ ಎದುರು ಆಲ್‌ವೇಸ್ ಅಂತಲೂ, ರೀಸ್ಟಾರ್ಟ್‌ಸೆಕ್ ಎದುರು 2 ಅಂತಲೂ ಬರೆಯಿರಿ. ಬಳಕೆದಾರರು ಲಾಗ್‌ಔಟ್ ಆದಾಗ ಎಕ್ಸ್ ಸರ್ವರೇ ಮುಗಿದರೆ ಎಕ್ಸ್11ವಿಎನ್‌ಸಿಯೂ ಅದರ ಜೊತೆ ಹೋಗುತ್ತದೆ. ಎರಡು ಸೆಕೆಂಡ್ ಬಿಟ್ಟು ಸಿಸ್ಟಮ್‌ಡಿ ಅದನ್ನು ಮತ್ತೆ ಎಬ್ಬಿಸುತ್ತದೆ.

ಆಜ್ಞೆಯನ್ನು ಪೂರ್ತಿ ದಾರಿಯ ಸಮೇತ ಬರೆಯಿರಿ. -ಆಥ್ ಮುಂದೆ ಗೆಸ್ ಬದಲು ನೀವು ಹುಡುಕಿದ ಫೈಲಿನ ದಾರಿಯನ್ನೇ ಕೊಡುವುದು ಲೇಸು. ಹಿನ್ನೆಲೆಗೆ ಕಳಿಸುವ -ಬಿಜಿ ಆಯ್ಕೆ ಮಾತ್ರ ಇಲ್ಲಿ ಹಾಕಬೇಡಿ. ಹಾಕಿದರೆ ಪ್ರೋಗ್ರಾಂ ಮುಗಿಯಿತು ಎಂದೇ ಸಿಸ್ಟಮ್‌ಡಿ ಭಾವಿಸುತ್ತದೆ.

ಲೈಟ್‌ಡಿಎಂ ಜೊತೆ ಇದು ಸಲೀಸು. ಲಾಗಿನ್ ಪರದೆ, ಡೆಸ್ಕ್‌ಟಾಪ್ ಎರಡಕ್ಕೂ ಅದೇ ಕುಕೀ ಫೈಲ್ ನಡೆಯುತ್ತದೆ. ಜಿಡಿಎಂ ಲಾಗಿನ್‌ಗೆ ಒಂದು, ಬಳಕೆದಾರರಿಗೆ ಇನ್ನೊಂದು ಅಂತ ಬೇರೆ ಬೇರೆ ಪರದೆ ತೆರೆಯುವುದರಿಂದ ಒಂದೇ ಸೇವೆಯಲ್ಲಿ ಎರಡನ್ನೂ ಹಿಡಿಯುವುದು ಕಿರಿಕಿರಿ. ಅಂಥ ಕಡೆ ನಾನು ಲೈಟ್‌ಡಿಎಂ ಹಾಕಿಬಿಡುತ್ತೇನೆ.

ಮಾನಿಟರ್ ಕಿತ್ತಿಟ್ಟರೆ ಪರದೆ ಕಪ್ಪಾಗುತ್ತದೆ ಅಥವಾ ತೀರ ಚಿಕ್ಕದಾಗುತ್ತದೆ.

ಹಂಚುವುದು ಇರುವ ಸ್ಕ್ರೀನನ್ನು ತಾನೇ? ಮಾನಿಟರೇ ಇಲ್ಲ ಅಂದರೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುವುದನ್ನೇ ನಿಲ್ಲಿಸಬಹುದು, ಅಥವಾ 1024x768ರಂಥ ಚಿಕ್ಕ ಅಳತೆಗೆ ಇಳಿಯಬಹುದು. ಎಲ್ಲಕ್ಕಿಂತ ಸುಲಭದ ಉಪಾಯ ಎಚ್‌ಡಿಎಂಐ ಡಮ್ಮಿ ಪ್ಲಗ್. ಹೆಬ್ಬೆರಳಿನಷ್ಟಿರುವ ಸಾಧನ, ಸಿಕ್ಕಿಸಿದರೆ ಕಾರ್ಡಿಗೆ ಮಾನಿಟರ್ ಇದೆ ಎಂಬ ಭ್ರಮೆ. ಕೈಯಲ್ಲಿ ಪ್ಲಗ್ ಇಲ್ಲದಿದ್ದರೆ ಎಕ್ಸ್‌ನ ಡಮ್ಮಿ ವಿಡಿಯೋ ಡ್ರೈವರ್ ಹಾಕಿ, ಕಾನ್ಫಿಗ್ ಫೈಲಿನಲ್ಲಿ ಬೇಕಾದ ಅಳತೆ ಬರೆಯಬಹುದು. ಆ ಕಾನ್ಫಿಗ್ ಇರುವವರೆಗೆ ನಿಜವಾದ ಮಾನಿಟರ್ ಸಿಕ್ಕಿಸಿದರೂ ಅದರಲ್ಲಿ ಏನೂ ಕಾಣುವುದಿಲ್ಲ ಎನ್ನುವುದು ನೆನಪಿರಲಿ.

ಅಲ್ಲಿ ಯಾವತ್ತೂ ಯಾರೂ ಕೂರುವುದೇ ಇಲ್ಲ ಅಂತಾದರೆ ಇಷ್ಟೆಲ್ಲ ಯಾಕೆ? ಹೊಸ ಸ್ಕ್ರೀನ್ ಹುಟ್ಟಿಸುವ ಜಾತಿಯ ಸರ್ವರೇ ಅಲ್ಲಿಗೆ ಸರಿ.

ತುಂಬಾ ನಿಧಾನ. ಏನಾದರೂ ದಾರಿ ಇದೆಯಾ?

ಮೊದಲು ಅಲ್ಲಿಯ ವಾಲ್‌ಪೇಪರ್ ತೆಗೆದು ಒಂದೇ ಬಣ್ಣ ಹಾಕಿ. ಕಿಟಕಿ ತೆರೆಯುವಾಗಿನ ಹಾರಾಟ, ನೆರಳು, ಪಾರದರ್ಶಕ ಅಂಚು ಎಲ್ಲ ಆಫ್ ಮಾಡಿ. ಬದಲಾದಷ್ಟೇ ಚಿತ್ರ ಕಳಿಸುವ ಪದ್ಧತಿ ಇದು. ಹಾಗಾಗಿ ಪರದೆ ಮೇಲೆ ಬದಲಾಗುವುದು ಕಡಿಮೆಯಾದಷ್ಟೂ ವೇಗ. ಆಮೇಲೆ ವ್ಯೂವರ್‌ನಲ್ಲಿ ಟೈಟ್ ಎನ್‌ಕೋಡಿಂಗ್ ಆರಿಸಿ, ಚಿತ್ರದ ಗುಣಮಟ್ಟ ಸ್ವಲ್ಪ ಇಳಿಸಿ. ಇನ್ನೂ ಸಾಲದಿದ್ದರೆ ಸರ್ವರ್‌ಗೆ -ಸ್ಕೇಲ್ 3/4 ಕೊಡಿ. ಅಕ್ಷರ ಕೊಂಚ ಮಸುಕಾಗುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಶುರುವಾಗುವಾಗ ಪ್ರೋಗ್ರಾಂ ತಾನೇ "-ಎನ್‌ಕ್ಯಾಶ್ 10 ಬಳಸಿ ನೋಡಿದ್ದೀರಾ?" ಅಂತ ಜಾಹೀರಾತು ಹಾಕುತ್ತದೆ. ಹಾಕಿದವರು ಮರುಕ್ಷಣವೇ ಬಂದು ಕೇಳುತ್ತಾರೆ: ಪರದೆ ಕೆಳಗೆ ಉದ್ದಕ್ಕೂ ಹಳೆಯ ಕಿಟಕಿಗಳ ಚೂರು ಕಾಣುತ್ತಿದೆ, ಏನಿದು? ಅದೇ ಅದರ ಉಗ್ರಾಣ. ಮುಚ್ಚಿದ ಕಿಟಕಿಗಳ ಚಿತ್ರವನ್ನು ವ್ಯೂವರ್‌ನಲ್ಲೇ ಇಟ್ಟುಕೊಳ್ಳಲು ಪರದೆಯನ್ನು ಹಲವು ಪಟ್ಟು ಉದ್ದ ಮಾಡಿರುತ್ತದೆ. ವ್ಯೂವರ್ ಕಿಟಕಿಯನ್ನು ಸರಿಯಾದ ಎತ್ತರಕ್ಕೆ ಎಳೆದು ನಿಲ್ಲಿಸಿಕೊಂಡರೆ ಸರಿ, ಇಲ್ಲವೇ ಆ ಆಯ್ಕೆ ತೆಗೆಯಿರಿ. ನಾನಂತೂ ತೆಗೆದಿದ್ದೇನೆ.

ಪರದೆ ಹೆಪ್ಪುಗಟ್ಟಿದ ಹಾಗೆ ನಿಂತಿದೆ, ಮೌಸ್ ಮಾತ್ರ ಓಡಾಡುತ್ತದೆ.

-ನೋಎಕ್ಸ್‌ಡ್ಯಾಮೇಜ್ ಸೇರಿಸಿ. ಪರದೆಯ ಯಾವ ಭಾಗ ಬದಲಾಯಿತು ಎಂದು ಎಕ್ಸ್ ಹೇಳುವುದನ್ನು ನಂಬಿ ಸರ್ವರ್ ಕೂತಿರುತ್ತದೆ. ಕೆಲವು ಗ್ರಾಫಿಕ್ಸ್ ಡ್ರೈವರು, ಕಾಂಪೋಸಿಟರುಗಳ ಜೊತೆ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಈ ಆಯ್ಕೆ ಹಾಕಿದರೆ ಸರ್ವರ್ ತಾನೇ ಪರದೆ ಪೂರ್ತಿ ತಡಕಿ ನೋಡುತ್ತದೆ. ಸಿಪಿಯು ಸ್ವಲ್ಪ ಜಾಸ್ತಿ ತಿನ್ನುತ್ತದೆ.

ನಾನು ದೂರದಿಂದ ಹೊಕ್ಕಾಗ ಅಲ್ಲಿ ಕೂತವರ ಕೀಲಿಮಣೆ ಕೆಡುತ್ತದೆ ಅಂತಾರೆ. ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದರೆ ಒಂದೇ ಅಕ್ಷರ ಅಳಿಯುತ್ತದಂತೆ.

ಕೆಟ್ಟಿಲ್ಲ. ದೂರದಿಂದ ಟೈಪ್ ಮಾಡುವಾಗ ನೆಟ್‌ವರ್ಕ್ ತಡವರಿಸಿದರೆ ಒಂದು ಅಕ್ಷರ ಇಪ್ಪತ್ತಾಗಿ ಬೀಳಬಹುದು. ಅದನ್ನು ತಪ್ಪಿಸಲು ಎಕ್ಸ್11ವಿಎನ್‌ಸಿ ಕೀಲಿ ಪುನರಾವರ್ತನೆಯನ್ನೇ ಆಫ್ ಮಾಡುತ್ತದೆ. ಪಾಪ, ಅಲ್ಲಿ ಕೂತವರಿಗೂ ಅದೇ ಶಿಕ್ಷೆ. -ರಿಪೀಟ್ ಸೇರಿಸಿದರೆ ಹಾಗೆ ಮಾಡುವುದಿಲ್ಲ.

ದೂರದ ಪರದೆಯಲ್ಲಿ ಕನ್ನಡ ಟೈಪ್ ಮಾಡಲು ಆಗುತ್ತದಾ?

ಆಗುತ್ತದೆ, ಒಂದು ಶಿಸ್ತು ಇಟ್ಟುಕೊಂಡರೆ. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಆಫ್ ಇರಲಿ, ದೂರದ್ದರಲ್ಲಿ ಆನ್ ಇರಲಿ. ವ್ಯೂವರ್ ಕಳಿಸುವುದು ಕೀಲಿ ಎಲ್ಲಿದೆ ಎಂಬ ಜಾಗವನ್ನಲ್ಲ, ಯಾವ ಅಕ್ಷರ ಎಂಬ ಗುರುತನ್ನು. ನಿಮ್ಮ ಕಡೆಯೇ "ಕ" ಆಗಿಬಿಟ್ಟರೆ ದೂರದ ಕಂಪ್ಯೂಟರ್ ತನ್ನ ಇಂಗ್ಲಿಷ್ ಕೀಲಿಮಣೆಯಲ್ಲಿ "ಕ" ಎಲ್ಲಿದೆ ಅಂತ ಹುಡುಕುತ್ತದೆ. ಸಿಗುವುದಿಲ್ಲ. ಎರಡೂ ಕಡೆ ಆನ್ ಇದ್ದರಂತೂ ಒತ್ತಕ್ಷರ, ಗುಣಿತಾಕ್ಷರ ಎಲ್ಲ ಚೆಲ್ಲಾಪಿಲ್ಲಿ. ಇಲ್ಲಿಂದ ಬರೀ ಇಂಗ್ಲಿಷ್ ಕೀಲಿ ಹೋಗಲಿ, ಅಲ್ಲಿಯ ಐಬಸ್ (ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪ್ ಮಾಡಿಸುವ ಪ್ರೋಗ್ರಾಂ) ಅದನ್ನು ಕನ್ನಡ ಮಾಡಲಿ. ಭಾಷೆ ಬದಲಿಸುವ ಶಾರ್ಟ್‌ಕಟ್ ಎರಡೂ ಕಡೆ ಒಂದೇ ಇದ್ದರೆ ಅದು ನಿಮ್ಮ ಕಡೆಯೇ ಸಿಕ್ಕಿಕೊಳ್ಳುತ್ತದೆ. ಒಂದು ಕಡೆ ಬದಲಿಸಿಕೊಳ್ಳಿ.

ನೋಡಲಷ್ಟೇ ಬಿಡಬೇಕು, ಮುಟ್ಟಲು ಬಿಡಬಾರದು.

-ವ್ಯೂಓನ್ಲಿ. ಪಾಠ ಮಾಡುವವರಿಗೆ ಬಹಳ ಅನುಕೂಲ.

ಎರಡು ಮಾನಿಟರ್ ಇದೆ. ಒಂದನ್ನು ಮಾತ್ರ ಹಂಚಬಹುದಾ?

ಹೌದು. -ಕ್ಲಿಪ್ ಮುಂದೆ ಅಗಲ, ಎತ್ತರ, ಎಲ್ಲಿಂದ ಶುರು ಎಂದು ಕೊಡಬೇಕು. ಎರಡೂ ಮಾನಿಟರ್ 1920x1080 ಆಗಿದ್ದು ಎಡಗಡೆಯದು ಮಾತ್ರ ಬೇಕಾದರೆ 1920x1080+0+0. ಬಲಗಡೆಯದಾದರೆ 1920x1080+1920+0. ಎಕ್ಸ್‌ರ್ಯಾಂಡ್ಆರ್ ಹೊಡೆದರೆ ಈ ಅಂಕಿಗಳು ನಿಮ್ಮ ಪರದೆಗೆ ಎಷ್ಟೆಷ್ಟು ಎಂದು ತಾನೇ ತೋರಿಸುತ್ತದೆ, ಲೆಕ್ಕ ಹಾಕುವ ಕೆಲಸವಿಲ್ಲ. ಒಂದೇ ಕಿಟಕಿ ಬೇಕಾದರೆ -ಐಡಿ ಪಿಕ್ ಕೊಟ್ಟು, ಆ ಕಿಟಕಿ ಮೇಲೆ ಕ್ಲಿಕ್ ಮಾಡಿ. ಆದರೆ ಅದರಿಂದ ತೆರೆಯುವ ಮೆನುಗಳು ಕಾಣದೆ ಹೋಗಬಹುದು, ಅವು ಎಕ್ಸ್ ಲೆಕ್ಕದಲ್ಲಿ ಬೇರೆ ಕಿಟಕಿ.

ಶಬ್ದ ಬರುವುದಿಲ್ಲವಲ್ಲ?

ಬರುವುದಿಲ್ಲ. 2011ರಲ್ಲಿ ಆರ್‌ಎಫ್‌ಸಿ 6143 ಎಂಬ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾದ ವಿಎನ್‌ಸಿಯ ಪ್ರೋಟೋಕಾಲ್‌ನಲ್ಲಿ ಚಿತ್ರ, ಕೀಲಿ, ಮೌಸ್, ಕ್ಲಿಪ್‌ಬೋರ್ಡ್ ಇಷ್ಟೇ. ಫೈಲ್ ಕಳಿಸಬೇಕಾದರೆ ಎಸ್‌ಸಿಪಿ ಬಳಸಿ, ಸುರಂಗಕ್ಕೆ ಎಸ್‌ಎಸ್‌ಎಚ್ ಹೇಗೂ ಇದೆಯಲ್ಲ.

ಅಲ್ಲಿ ಕೂತವರಿಗೆ ನಾನು ನೋಡುತ್ತಿರುವುದು ಗೊತ್ತಾಗುತ್ತದಾ?

ಮೌಸ್ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಸುಮ್ನೆ ನೋಡುತ್ತಿದ್ದರೆ ಗೊತ್ತಾಗದೇ ಇರಬಹುದು. ಅದು ನನಗೆ ಸರಿ ಕಾಣುವುದಿಲ್ಲ. -ಆಕ್ಸೆಪ್ಟ್ ಪಾಪ್‌ಅಪ್ ಸೇರಿಸಿದರೆ ಯಾರಾದರೂ ಬಂದಾಗ ಅವರ ಪರದೆ ಮೇಲೆ ಒಂದು ಪ್ರಶ್ನೆ ಏಳುತ್ತದೆ, ಅವರು ಒಪ್ಪಿದರಷ್ಟೇ ಒಳಗೆ. ಬೇರೆಯವರು ಕೂರುವ ಕಂಪ್ಯೂಟರಿನಲ್ಲಿ ನಾನು ಇದಿಲ್ಲದೆ ಸರ್ವರ್ ಇಡುವುದಿಲ್ಲ.

ಕೆಲಸ ಮುಗಿಯಿತು. ನಿಲ್ಲಿಸುವುದು ಹೇಗೆ?

ಟರ್ಮಿನಲ್ ಎದುರಿಗೇ ಇದ್ದರೆ ಕಂಟ್ರೋಲ್ ಮತ್ತು ಸಿ. ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಎಕ್ಸ್11ವಿಎನ್‌ಸಿ -ರಿಮೋಟ್ ಸ್ಟಾಪ್, ಅದೇ ಡಿಸ್‌ಪ್ಲೇ ಸಂಖ್ಯೆ ಕೊಟ್ಟು. ಸಿಸ್ಟಮ್‌ಡಿ ಸೇವೆಯಾದರೆ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಹೊಡೆಯಿರಿ. ಬೇರೆ ರೀತಿ ಕೊಂದರೆ ಎರಡು ಸೆಕೆಂಡಿನಲ್ಲಿ ಅದು ಮತ್ತೆ ಎದ್ದು ಕೂತಿರುತ್ತದೆ, ನೀವೇ ಹಾಗೆ ಬರೆದಿದ್ದೀರಿ. ಆಮೇಲೆ ಇನ್ನೊಂದು ಸಲ ಎಸ್‌ಎಸ್ -ಎಲ್‌ಟಿಎನ್ ಹೊಡೆದು 5900 ಪಟ್ಟಿಯಿಂದ ಹೋಗಿದೆಯೇ ನೋಡಿಕೊಳ್ಳಿ.